ಐರ್ಲೆಂಡಿಗೆ ಹೋಗಿ ಬಂದ ಉಡಿ

ಅಫಜಲಪುರ ಬಸ್ ನಿಲ್ದಾಣ

ನನ್ನ ಪೆಟ್ಟಿಗೆ ತುಂಬಿದವಳು ನಾನಲ್ಲ, ನಮ್ಮ ಓಣಿಯ ಹೆಂಗಸರು. ಎಳ್ಳು ಹಚ್ಚಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎರಡು ಸೇರು ಜೋಳದ ಹಿಟ್ಟು, ಒಂದು ಡಬ್ಬಿ ಎಮ್ಮೆ ತುಪ್ಪ. ಎಲ್ಲದರ ಮೇಲೆ ಒಂದು ಗಂಟು. ಅದರಲ್ಲಿ ಹಸಿರು ಕುಬಸದ ಖಣ, ಎರಡು ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನ ಬೇರು, ಒದ್ದೆ ಅರಿವೆಯಲ್ಲಿ ಸುತ್ತಿದ ವೀಳ್ಯದೆಲೆ. ಉಡಿ ತುಂಬುವ ಸಾಮಾನು.

ಹೆಣ್ಣುಮಗಳು ಒಂದು ಮನೆ ಬಿಟ್ಟು ಹೊರಡುವಾಗ ಖಾಲಿ ಸೆರಗಿನಲ್ಲಿ ಹೊರಡಬಾರದು, ಉಡಿ ತುಂಬಿಯೇ ಕಳಿಸಬೇಕು ಎಂಬುದು ನಮ್ಮ ಕಡೆಯ ರೀತಿ. ಶಿವವ್ವ ನಮ್ಮೂರಿನ ಹಿರಿಯ ಹೆಂಗಸು. ಕಲಬುರಗಿ ಬಸ್ಸಿನ ಕಿಟಕಿಗೆ ಜೋತುಬಿದ್ದು ಅದನ್ನೇ ಹೇಳಿದಳು.

“ನೋಡ್ ಬಾಯಿ, ಆ ದೇಶದ ಮನಿಯಿಂದ ರೇಣುಕಾ ಹೊರಗ ಕಾಲಿಡೂ ಹೊತ್ತಿಗೆ ನೀನ ಉಡಿ ತುಂಬು. ಬರೇ ಉಡೀಲೆ ಕರ್ಕೊಂಡ್ ಬರಬ್ಯಾಡ.”

“ಆಕಿ ಬರ್ತಾಳಂತ ನೀ ಗಟ್ಟಿ ಮಾಡಿದೇನು?”

“ಫೋನಿನ್ಯಾಗ ಕರದ್ರ ಯಾವ ಹೆಣ್ಣು ಬರ್ತಾಳ್ ಬೇ? ಹೋಗಿ ಕೈ ಹಿಡದ್ರ ಬರ್ತಾಳ. ಆಕಿ ಹುಟ್ಟಿದಾಗ ಹೊಕ್ಕಳಬಳ್ಳಿ ಕತ್ತರಿಸಿದಾಕಿ ನೀನ ಅಲ್ಲೇನು?”

ಹೌದು, ನಾನೇ. ರೇಣುಕಾ ನನ್ನ ತಂಗಿಯ ಮಗಳು. ಭೀಮಾ ದಂಡೆಯ ನಮ್ಮೂರಿನ ಸರ್ಕಾರಿ ದವಾಖಾನೆಯಲ್ಲಿ ನಾನು ನರ್ಸು. ಊರವರಿಗೆ ‘ಬಾಯಿ’. ಯಜಮಾನರು ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿದ್ದಾರೆ. ಕಬ್ಬು ನುರಿಸುವ ಕಾಲದಲ್ಲಿ ಅವರು ಮನೆಗೆ ಬರುವುದೇ ಕಡಿಮೆ. ಹಾಗಾಗಿ ಸಾಲೆಯ ದಿನಗಳಲ್ಲಿ ರೇಣುಕಾ ನನ್ನ ಜೊತೆಗೇ ಇದ್ದಳು. ಮನೆಗಿಂತ ಹೆಚ್ಚು ದವಾಖಾನೆಯಲ್ಲಿ ಬೆಳೆದಳು ಎಂದರೂ ನಡೆದೀತು. ಕಲಬುರಗಿಯಲ್ಲಿ ನರ್ಸಿಂಗ್ ಓದಿದಳು, ಒಂದು ದವಾಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿದಳು, ಆಮೇಲೆ ಐರ್ಲೆಂಡಿಗೆ ಹೋದಳು.

ಹೋಗುವ ಮೊದಲು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಈಗ ಅದು ಆಗಿತ್ತು. ಬಂದು ಹಾಜರಾದರೆ ನಮ್ಮೂರಿನ ಖಾಲಿ ಜಾಗವೇ ಸಿಗುವಂತಿತ್ತು. ಆ ಜಾಗ ನಮಗೆ ಬಹಳ ಬೇಕಾಗಿತ್ತು. ನನ್ನ ಬಲಗೈ ನಡುಗತೊಡಗಿ ವರ್ಷವಾಗಿದೆ. ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ, ಹೊಲಿಗೆ ಹಾಕುವುದಂತೂ ದೂರ. ದವಾಖಾನೆಯ ಡಾಕ್ಟರು ಮೈಸೂರು ಕಡೆಯ ಹುಡುಗ, ಓದು ಮುಗಿಸಿ ಕಡ್ಡಾಯದ ಹಳ್ಳಿ ಸೇವೆಗೆ ಬಂದವನು. ಮುಖ ಬಾಡಿಸಿಕೊಂಡು ಹೇಳಿದ್ದ: “ಸಿಸ್ಟರ್, ಇನ್ನೊಬ್ಬ ನರ್ಸ್ ಬರದಿದ್ರೆ ಹೆರಿಗೆ ಕೋಣೆ ಮುಚ್ಚೋದೇ. ನನ್ನ ವರ್ಷಾನೂ ಮುಗೀತಾ ಬಂತು.”

ಹೀಗೆ ನಾನು ಹೊರಟದ್ದು ದೇಶ ನೋಡಲಿಕ್ಕಲ್ಲ, ನರ್ಸನ್ನು ಕರೆತರಲಿಕ್ಕೆ.

ಪೆಟ್ಟಿಗೆ ಬಿಚ್ಚಿಸುವ ಮೇಜು

ಐರ್ಲೆಂಡಿನಲ್ಲಿ ಇಳಿದ ಕೂಡಲೇ ಕೆಂಪುಗೂದಲಿನ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ಬಿಚ್ಚಿಸಿದ. ತುಪ್ಪದ ಡಬ್ಬಿ ತೆರೆದು ಮೂಸಿದ. ಹಾಲಿನ ಪದಾರ್ಥ ಒಳಗೆ ಬಿಡುವಂತಿಲ್ಲ, ‘ಸಾರಿ’ ಎಂದ. ವೀಳ್ಯದೆಲೆ ತೆಗೆದ. ಹಸಿ ಎಲೆಯೂ ಬಿಡುವಂತಿಲ್ಲ, ಮತ್ತೆ ‘ಸಾರಿ’. ಪ್ರತಿ ಸಲವೂ ಮನೆಯಲ್ಲಿ ಸಾವಾದವರ ಹತ್ತಿರ ಮಾತಾಡುವಂತೆ ಮೆಲ್ಲಗೆ ಹೇಳುತ್ತಿದ್ದ. ನಮ್ಮಲ್ಲಿ ಬಸ್ಸಿನ ಮೇಲಿಂದ ಜೋಳದ ಚೀಲ ಬಿದ್ದು ಒಡೆದರೂ ಇಷ್ಟು ‘ಸಾರಿ’ ಹುಟ್ಟುವುದಿಲ್ಲ.

ಕೊಬ್ಬರಿ ಬಟ್ಟಲನ್ನು ತಿರುಗಿಸಿ ನೋಡಿ ಇದೇನೆಂದು ಕೇಳಿದ. ಉಡಿಗೆ ಇಂಗ್ಲಿಷ್ ಎಲ್ಲಿಂದ ತರಲಿ? “ಡಾಟರ್, ಗೋಯಿಂಗ್ ಹೋಮ್” ಎಂದೆ. ಅವನಿಗೆ ಏನು ತಿಳಿಯಿತೋ, ಖಣವನ್ನು ಮಡಿಕೆ ಕೆಡದಂತೆ ಹಿಂದಿಟ್ಟು, ಗಂಟನ್ನೂ ತಾನೇ ಕಟ್ಟಿಕೊಟ್ಟ.

ಹೊರಗೆ ರೇಣುಕಾ ನಿಂತಿದ್ದಳು. ಉದ್ದ ಕೋಟು, ಕತ್ತರಿಸಿದ ಕೂದಲು. ಅಷ್ಟು ಮಂದಿಯ ನಡುವೆ ಬಗ್ಗಿ ನನ್ನ ಕಾಲು ಮುಟ್ಟಿದಳು. ಎದ್ದವಳು ಮೊದಲು ಆಡಿದ ಮಾತು, “ದೊಡ್ಡವ್ವ, ಬಲಗೈ ತೋರ್ಸು.”

“ಮೊದ್ಲ ಅರಾಮ್ ಅದಿ ಏನಂತ ಕೇಳ್ ಬೇ.”

“ಕೈ ತೋರ್ಸು.”

ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ನರ್ಸು ನರ್ಸಿನ ಮುಂದೆ ಏನನ್ನೂ ಮುಚ್ಚಿಡಲಾರಳು. ಆದರೂ ಅವಳು ಮತ್ತೆ ಕೇಳಲಿಲ್ಲ.

ಗಾಳಿಯ ಊರು

ಅವಳಿರುವುದು ಸಮುದ್ರದ ಬದಿಯ ಸಣ್ಣ ಊರು. ಅಲ್ಲಿನ ಗಾಳಿಗೆ ಕೆಲಸವಿಲ್ಲ, ಬಿಡುವೂ ಇಲ್ಲ. ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ನನ್ನ ಕೊಡೆ ಮೊದಲ ದಿನವೇ ತಿರುಗುಮುರುಗಾಗಿ ಮುರಿಯಿತು. ಹಾದಿಯಲ್ಲಿ ಎದುರಾದವರೆಲ್ಲ ‘ಹೇಗಿದ್ದೀರಿ’ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ನಾನು ಒಬ್ಬರಿಗೆ ಮಂಡಿನೋವಿನಿಂದ ಶುರು ಮಾಡಿದ್ದೆ. ತಲೆಯೆತ್ತಿದಾಗ ಅವರು ಓಣಿಯ ತಿರುವು ದಾಟಿದ್ದರು. ಚಹಾ ಮಾತ್ರ ನಮ್ಮ ಹಾಗೆಯೇ: ಹಾಲು ಹಾಕಿ, ಹೊತ್ತಿಲ್ಲ ಗೊತ್ತಿಲ್ಲ.

ಅದೇ ಮನೆಯಲ್ಲಿ ರೇಣುಕಾಳ ಜೊತೆ ಇನ್ನೊಬ್ಬ ನರ್ಸು ಇದ್ದಾಳೆ. ಹೆಸರು ಸುಜಾತಾ, ಜೇವರ್ಗಿ ತಾಲೂಕಿನ ನೆಲೋಗಿಯ ಹುಡುಗಿ. ಅವಳು ಒಲೆಯ ಮೇಲಿನ ಗೋಡೆಗೆ ಬುದ್ಧನ ಚಿತ್ರ ಅಂಟಿಸಿದ್ದಾಳೆ. ಅದರ ಕೆಳಗೆ ರೇಣುಕಾ ಇಷ್ಟಲಿಂಗದ ಕರಡಿಗೆ ಇಟ್ಟಿದ್ದಾಳೆ. ಒಬ್ಬರ ಪೂಜೆಗೆ ಇನ್ನೊಬ್ಬರು ಗ್ಯಾಸು ಸಣ್ಣ ಮಾಡುತ್ತಾರೆ.

ಮರುದಿನ ಇಬ್ಬರೂ ಕೆಲಸಕ್ಕೆ ಹೋದಾಗ ನಾನು ರೊಟ್ಟಿಗೆ ಕುಳಿತೆ. ಹಿಟ್ಟು ನಾದಿ ತಟ್ಟುವ ಕೊಣಮಿಗೆ ಇಲ್ಲ, ಮೇಜಿನ ಮೇಲೆಯೇ ತಟ್ಟಿದೆ. ಹಿಟ್ಟಿಗೆ ಮಾತ್ರ ನನ್ನ ಕೈ ನಡುಗುವುದಿಲ್ಲ. ಪಟಪಟ ಸದ್ದು ಮನೆಯೆಲ್ಲ ತುಂಬಿತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ ನನ್ನ ವಯಸ್ಸಿನ ಒಬ್ಬ ಹೆಂಗಸು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಡಿಗೆಯಂಥದೇನೋ. ಪಕ್ಕದ ಮನೆಯ ಬ್ರಿಜಿಡ್. ಒಳಗೆ ಯಾರೋ ಹುಡುಗಿಯನ್ನು ಹೊಡೆಯುತ್ತಿದ್ದಾರೆ ಎಂದುಕೊಂಡು ಬಂದಿದ್ದಳು! ಅವಳನ್ನು ಕೈ ಹಿಡಿದು ಒಳಗೆ ಕರೆದು ಹಂಚಿನ ಮೇಲಿನ ರೊಟ್ಟಿ ತೋರಿಸಿದೆ. ನಕ್ಕೂ ನಕ್ಕೂ ಗೋಡೆಗೆ ಒರಗಿದಳು. ಬಿಸಿರೊಟ್ಟಿಗೆ ಬೆಣ್ಣೆ ಸವರಿ ಎರಡು ತಿಂದಳು, ಮೂರನೆಯದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದಳು.

ರೇಣುಕಾ ಏನು ಕೆಲಸ ಮಾಡುತ್ತಾಳೆ ಎಂದು ಆ ಸಂಜೆ ಕೇಳಿದೆ. ವೃದ್ಧರ ವಾರ್ಡಂತೆ. ಸ್ನಾನ ಮಾಡಿಸುವುದು, ಗುಳಿಗೆ ಕೊಡುವುದು, ಬಿದ್ದವರನ್ನು ಎಬ್ಬಿಸುವುದು.

“ಹೆರಿಗಿ?”

“ಇಲ್ಲಿ ಹೆರಿಗಿ ಮಾಡಸೂ ಓದೇ ಬ್ಯಾರೆ, ದೊಡ್ಡವ್ವ. ನಂಗ ಆ ಕೋಣಿಗೆ ಹೋಗಾಕ ಬಿಡಂಗಿಲ್ಲ.”

ಅಡ್ಡ ಬಂದ ಕೂಸನ್ನು ಹೊಟ್ಟೆಯ ಮೇಲೆ ಕೈಯಾಡಿಸಿಯೇ ಗುರುತಿಸುತ್ತಿದ್ದ ಹುಡುಗಿ. ಅವಳಿಗೆ ಕಲಿಸುವಾಗ ನನ್ನ ಕೈಯನ್ನು ಅವಳ ಕೈಯ ಮೇಲೆ ಇಟ್ಟು ಒತ್ತುತ್ತಿದ್ದೆ. ಆ ಕೈ ಈಗ ಒಂದು ದೇಶಕ್ಕೆ ಬೇಡ, ಇನ್ನೊಂದು ದೇಶಕ್ಕೆ ಸಿಗದು. ರಾತ್ರಿ ಊಟ ರುಚಿಸಲಿಲ್ಲ. ತುಪ್ಪ ಇಲ್ಲದ್ದಕ್ಕೆ ಎಂದು ಹೇಳಿದೆ.

ಬ್ರಿಜಿಡ್‌ಳ ಬಸ್ಸು

ಬ್ರಿಜಿಡ್ ಊರ ಬಸ್ಸು ಓಡಿಸುತ್ತಾಳೆ. ಕರೆದಳೆಂದು ಒಂದು ಬೆಳಿಗ್ಗೆ ಅವಳ ಹಿಂದಿನ ಸೀಟಿನಲ್ಲಿ ಕುಳಿತು ಊರು ಸುತ್ತಿದೆ. ಇಲ್ಲಿ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಮುದುಕರು, ಸಾಲೆಯ ಹುಡುಗರು, ಕಿವಿಗೆ ಹಾಡು ಸಿಕ್ಕಿಸಿಕೊಂಡವರು, ಎಲ್ಲರೂ. ನಮ್ಮ ಅಫಜಲಪುರ ಬಸ್ಸಿನಲ್ಲಿ ಹೀಗೆ ಮಾಡಿದರೆ ಡ್ರೈವರು ಗಾಬರಿಯಾಗಿ ಗಾಡಿ ಬದಿಗೆ ಹಚ್ಚಿಯಾನು.

ಇನ್ನೊಂದು ರೂಢಿ ನನಗೆ ಬಹಳ ಹಿಡಿಸಿತು. ರೇಡಿಯೋದಲ್ಲಿ ಬೆಳಿಗ್ಗೆ ಸುತ್ತಮುತ್ತ ತೀರಿಕೊಂಡವರ ಹೆಸರು ಓದುತ್ತಾರೆ. ಇಂಥ ಊರಿನ ಇಂಥವರು, ಮಣ್ಣು ಇಂಥ ಹೊತ್ತಿಗೆ. ಆಗ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಒಂದು ಹೆಸರಿಗೆ ಹಿಂದಿನ ಸೀಟಿನ ಮುದುಕ ಟೋಪಿ ತೆಗೆದ. ಹೆರಿಗೆಯಲ್ಲಿ ಹೋದ ನಮ್ಮ ಹೆಣ್ಣುಮಕ್ಕಳ ಹೆಸರನ್ನು ಹೀಗೆ ಯಾರಾದರೂ ಓದಿದ್ದರೆ ಎಂದುಕೊಂಡೆ.

ಕೊನೆಯ ನಿಲ್ದಾಣದಲ್ಲಿ ಬ್ರಿಜಿಡ್ ಥರ್ಮಾಸಿನ ಚಹಾ ಸುರಿದಳು. ನನ್ನ ಇಂಗ್ಲಿಷು ದವಾಖಾನೆಯದು, ಅವಳದು ಗಾಳಿಯಲ್ಲಿ ಅರ್ಧ ಹಾರಿಹೋಗುವಂಥದು. ಆದರೂ ತಿಳಿಯಿತು. ಅವಳ ಮಗಳೂ ನರ್ಸು. ಓದು ಮುಗಿದದ್ದೇ ಆಸ್ಟ್ರೇಲಿಯಾಕ್ಕೆ ಹೋದಳು. ಅವಳೊಬ್ಬಳೇ ಅಲ್ಲ, ಅವಳ ಜೊತೆ ಓದಿದವರಲ್ಲಿ ಬಹಳ ಮಂದಿ, ಹೊಸ ಡಾಕ್ಟರುಗಳೂ. ಇಲ್ಲಿ ಕೆಲಸ ಹೆಚ್ಚು, ಮಂದಿ ಕಡಿಮೆ. ಅಲ್ಲಿ ಬಿಸಿಲು ಬೇರೆ ಇದೆಯಂತೆ. ಕಳೆದ ಚಳಿಗಾಲದಲ್ಲಿ ಬ್ರಿಜಿಡ್‌ಳ ಗಂಡ ದವಾಖಾನೆ ಸೇರಿದಾಗ ನೋಡಿಕೊಂಡವಳು ರೇಣುಕಾ. ಸಾಯುವ ದಿನವೂ ಅವನ ಕೈ ಹಿಡಿದುಕೊಂಡು ಕುಳಿತವಳು ಅವಳೇ.

“ನಮ್ಮ ಹುಡುಗಿಯರು ಹೋದರು, ನಿಮ್ಮವರು ಬಂದರು,” ಎಂದು ಬ್ರಿಜಿಡ್ ನನ್ನ ನಡುಗುವ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಊರ ಪರವಾಗಿ ಕೃತಜ್ಞತೆ ಹೇಳುವವಳಂತೆ ಕಣ್ಣು ತುಂಬಿಕೊಂಡಳು. ಆಮೇಲೆ ಮನಸ್ಸಿನಲ್ಲಿ ಏನೂ ಇಲ್ಲದೆ ಕೇಳಿದಳು: “ನಿಮ್ಮ ಊರಿಗೆ ಯಾವ ದೇಶದವರು ಬರುತ್ತಾರೆ?”

ಚಹಾ ಆರುತ್ತಿತ್ತು. ನಾನು ಕಿಟಕಿಯ ಆಚೆ ನೋಡಿದೆ. ಒಂದು ಹಕ್ಕಿ ಗಾಳಿಗೆ ಎದುರಾಗಿ ಹಾರುತ್ತ ಇದ್ದಲ್ಲೇ ಇತ್ತು.

ಭಾನುವಾರದ ಅಡುಗೆಮನೆ

ಭಾನುವಾರ ಊಟಕ್ಕೆ ಇರ್ಫಾನ್ ಎಂಬ ಹುಡುಗ ಬಂದ, ಅದೇ ದವಾಖಾನೆಯ ಡಾಕ್ಟರು. ಆಳಂದದವನು. ನನ್ನನ್ನು ಖಾಲಾ ಎಂದ, ಅಂದರೆ ತಾಯಿಯ ಅಕ್ಕತಂಗಿ. ರೊಟ್ಟಿ ನೋಡಿದ್ದೇ ಕೋಟು ಬಿಚ್ಚುವುದನ್ನೂ ಮರೆತು ಕುಳಿತ.

“ಖಾಲಾ, ಹಿಂಡಿ ಜರಾ ಕೈ ಬಿಟ್ಟ ಹಾಕ್ರಿ. ನೀವೇನ್ ಇಂಜೆಕ್ಷನ್ ಡೋಸ್ ಹಾಕಾಕತ್ತೀರಿ?”

“ತಿನ್ನೂದ್ರಾಗ ಇವ ಸರ್ಜನ್ ಅದಾನ,” ಎಂದಳು ಸುಜಾತಾ. “ಡ್ಯೂಟಿದಾಗ ಬಂದ್ ಗಡಿಯಾರ.”

“ಲೇ ಸುಜಾತಾ, ನೆಲೋಗಿ ಮಂದಿಗೆ ಆಳಂದದವ್ರ ಮ್ಯಾಲ ಯಾವಾಗ್ಲೂ ಸಿಟ್ಟು.” ಅವನು ಸುತ್ತ ನೋಡಿ ಕೈ ಅಗಲಿಸಿದ. “ಖರೇನ ನೋಡ್ರಿ ಖಾಲಾ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನ ದವಾಖಾನಿ ಈ ಅಡಿಗಿಮನ್ಯಾಗ ಕುಂತದ. ಡಾಕ್ಟ್ರು ಒಬ್ಬ, ನರ್ಸ್ ಇಬ್ರು. ಪೇಷಂಟ್ ಅಷ್ಟ ಅಲ್ಲೇ ಉಳದಾರ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಾಯಿ ಬಿಟ್ಟು ಕೇಳಲು ಇದೇ ಹೊತ್ತೆಂದುಕೊಂಡೆ. “ಹಂಗಾರ ವಾಪಸ್ ಬರ್ರಿ ಮೂವರೂ.”

ಇರ್ಫಾನ್ ತಟ್ಟೆ ನೋಡುತ್ತ, ಬರ್ತೇನಿ ಖಾಲಾ, ಇನ್ನೂ ಒಂದು ಪರೀಕ್ಷೆ ಮುಗಿಸಿ ಬರ್ತೇನಿ ಎಂದ. ಅವನ ತಾಯಿಗೂ ಹೀಗೆಯೇ ಹೇಳುತ್ತಿರಬೇಕು, ಮಾತು ಅಷ್ಟು ಸಲೀಸಾಗಿ ಬಂತು. ಸುಜಾತಾ ಹಾಗೆ ಮಾಡಲಿಲ್ಲ.

“ನಾ ಬರಂಗಿಲ್ಲ ಬಾಯಿ. ಅಲ್ಲಿ ಒಂದ್ ದವಾಖಾನ್ಯಾಗ ಇದ್ದೆ. ಸೂಜಿ ನನ್ನ ಕಡೆ ಚುಚ್ಚಸ್ಕೋತಿದ್ರು. ಗುಳಿಗಿ ನುಂಗಾಕ ನೀರ್ ಮಾತ್ರ ತಮ್ಮ ಮನಿಯಿಂದ ತರ್ತಿದ್ರು. ಇಲ್ಲಿ ಮುದುಕ್ರು, ನೀ ಮಾಡಿದ ಚಾ ಬರೇ ನೀರು, ಮತ್ತೊಮ್ಮೆ ಮಾಡಂತ ಬೈತಾರ. ಆ ಬೈಗಳ ಕೇಳಿ ನಂಗ ಖುಷಿ ಆಗ್ತದ.”

ಮೂವತ್ತು ವರ್ಷ ನಾನೂ ದವಾಖಾನೆಯಲ್ಲಿದ್ದವಳು. ಮನೆಯಿಂದ ನೀರು ತರುವವರನ್ನು ನೋಡಿಲ್ಲವೆಂದು ಹೇಳಲಾರೆ. ಇನ್ನೊಂದು ರೊಟ್ಟಿ ಅವಳ ತಟ್ಟೆಗೆ ಹಾಕಿದೆ. ಬೇರೇನು ಹಾಕಲಿ?

ಸಮುದ್ರದ ದಂಡೆ

ಉಳಿದವಳು ರೇಣುಕಾ. ಹಾಜರಾಗುವ ಗಡುವು ಮುಗಿಯಲು ಇನ್ನೂ ಸ್ವಲ್ಪ ಕಾಲವಿತ್ತು. ಸಂಜೆ ಅವಳೇ ನನ್ನನ್ನು ಸಮುದ್ರದ ಕಡೆ ಕರೆದೊಯ್ದಳು. ಅಷ್ಟು ನೀರನ್ನು ನಾನು ನೋಡಿದ್ದು ಅದೇ ಮೊದಲು. ಭೀಮೆ ತುಂಬಿ ಹರಿದಾಗಲೂ ಆಚೆ ದಂಡೆಯ ಗಿಡಗಳು ಕಾಣುತ್ತವೆ. ಇಲ್ಲಿ ಆಚೆ ಎಂಬುದೇ ಇಲ್ಲ.

ಕಲ್ಲಿನ ಬೆಂಚಿನ ಮೇಲೆ ಕುಳಿತು ನಾನು ಹೊಂದಿಸಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ. ಊರು, ಶಿವವ್ವ, ಮುಚ್ಚಲಿರುವ ಕೋಣೆ. ಕೊನೆಗೆ, ಕೈಲಾಗದೆ, ಕೈಯನ್ನೇ ಸೆರಗಿನಿಂದ ಹೊರತೆಗೆದು ತೋರಿಸಿದೆ. “ಇನ್ನ ನನ್ನ ಕೈಲೆ ಆಗಂಗಿಲ್ಲ ರೇಣಿ. ನೀ ಬಂದ್ರ ಕೋಣಿ ಉಳೀತದ.”

ಅವಳು ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹಾಗೇ ಹಿಡಿದುಕೊಂಡು ಮಾತಾಡಿದಳು. ಗುತ್ತಿಗೆಯ ಕೆಲಸದಲ್ಲಿದ್ದಾಗಿನ ಸುದ್ದಿ. ನನಗೆ ಅದುವರೆಗೆ ಹೇಳಿರಲಿಲ್ಲ.

“ಒಬ್ಬಾಕಿ ಹಡದ ಮ್ಯಾಲ ರಕ್ತ ನಿಲ್ಲಲಿಲ್ಲ, ದೊಡ್ಡವ್ವ. ಡಾಕ್ಟ್ರು ಊರಾಗ ಇಲ್ಲ, ಆಂಬುಲೆನ್ಸ್ ಗಾಡಿ ಬ್ಯಾರೆ ಕಡೆ ಹೋಗಿತ್ತು. ದವಾಖಾನ್ಯಾಗ ನಾನೊಬ್ಬಾಕಿನ. ನೀ ಕಲಿಸಿದ್ದೀ ಅಲ್ಲ, ಮುಷ್ಟಿ ಒಳಗಿಟ್ಟು, ಮ್ಯಾಲಿಂದ ಇನ್ನೊಂದ್ ಕೈಲೆ ಒತ್ತಿ ಹಿಡೀಬೇಕಂತ? ಹಿಡದೆ. ರಕ್ತ ನಿಂತಿತ್ತು.”

“ಮತ್ತ?”

“ಇಂಜೆಕ್ಷನ್ ಆಚಿ ಕೋಣ್ಯಾಗ ಇತ್ತು. ತರಾಕ ಯಾರೂ ಇಲ್ಲ. ಆಕಿ ಅತ್ತಿ ಕಣ್ಣ ಕಾಣದ ಮುದುಕಿ. ಕೈ ತಗದ್ರ ಆಕಿ ಹೋಗ್ತಾಳ. ತಗೀದಿದ್ರ ಇಂಜೆಕ್ಷನ್ ಬರಂಗಿಲ್ಲ. ಒದರಿದೆ, ಒದರಿದೆ. ನನ್ನ ಕೈ ಜೋಮು ಹಿಡೀತು.” ಅವಳು ನೀರನ್ನೇ ನೋಡುತ್ತಿದ್ದಳು. “ಕಡೀಗೆ ಕೈ ತಗದೆ, ದೊಡ್ಡವ್ವ. ಓಡಿ ಹೋಗಿ ತಂದೆ. ಬರೂದ್ರಾಗ ಮುಗದಿತ್ತು.”

ಗಾಳಿಗೆ ಅವಳ ಕೂದಲು ನನ್ನ ಬಾಯಿಗೆ ಬಂತು. ನಾನು ಸರಿಸಲಿಲ್ಲ.

“ಇಲ್ಲಿ ವಾರ್ಡಿನ್ಯಾಗ ಗೋಡಿಗೆ ಒಂದ್ ಕೆಂಪು ಗುಂಡಿ ಅದ. ಒತ್ತಿದ್ರ ನಾಕೂ ಕಡಿಯಿಂದ ಮಂದಿ ಓಡಿ ಬರ್ತಾರ. ಆ ಮ್ಯಾಲೂ ಮುದುಕ್ರು ಸಾಯ್ತಾರ, ಖರೆ. ಆದ್ರ ನಾ ಒಬ್ಬಾಕಿನ ಇರಂಗಿಲ್ಲ. ಎಲ್ಲಾರೂ ನಾ ಪಗಾರದ ಆಸೆಕ್ಕ ಬಂದೀನಂತಾರ. ಅನ್ಲಿ. ನಾ ಆ ಗುಂಡಿ ಸಲುವಾಗಿ ಬಂದೀನಿ. ನಮ್ಮೂರಾಗ ಒಂದ್ ಗುಂಡಿ ಹಾಕಸ್ತೀ ಏನು? ಒತ್ತಿದ್ರ ಒಬ್ರಾದ್ರೂ ಬರೂ ಹಂಗ? ಹಾಕಸು, ನಾಳೆ ಬರ್ತೇನಿ.”

ಹಾಕಿಸುತ್ತೇನೆ ಎಂದು ಸುಳ್ಳು ಹೇಳಬಹುದಿತ್ತು. ಗುಂಡಿಯೇನೋ ಸಿಕ್ಕೀತು. ಓಡಿ ಬರುವವರು ಯಾರು? ಮೈಸೂರಿನ ಹುಡುಗ ಅಷ್ಟು ಹೊತ್ತಿಗೆ ಬಟ್ಟೆಬರೆ ಕಟ್ಟಿಕೊಂಡಿರುತ್ತಾನೆ. ನಾನೊಬ್ಬಳು, ಈ ಕೈಯವಳು. ಬಾ ಎಂದು ಬಲವಂತ ಮಾಡಿದರೆ ಅವಳನ್ನು ಮತ್ತೆ ಅದೇ ಮೇಜಿನ ಮುಂದೆ, ಅದೇ ಮುಷ್ಟಿಯೊಂದಿಗೆ ನಿಲ್ಲಿಸಿದಂತೆ. ಕೈ ಹಿಡಿದರೆ ಬರುತ್ತಾಳೆ ಎಂದಿದ್ದಳು ಶಿವವ್ವ. ಕೈ ಹಿಡಿದೇ ಕುಳಿತಿದ್ದೆ. ಬಾ ಎಂಬ ಮಾತು ಮತ್ತೆ ನನ್ನ ಬಾಯಿಂದ ಹೊರಡಲಿಲ್ಲ.

ಹೊಸಿಲು

ಹೊರಡುವ ದಿನ ಬ್ರಿಜಿಡ್ ಬಸ್ಸನ್ನು ಮನೆಯ ಮುಂದೆಯೇ ನಿಲ್ಲಿಸಿದ್ದಳು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ರೇಣುಕಾ ನನ್ನ ಪೆಟ್ಟಿಗೆ ಬಿಚ್ಚಿ ಗಂಟು ತೆಗೆದಳು. ನಾನು ಬಂದ ದಿನದಿಂದ ಬಟ್ಟೆಗಳ ಅಡಿಯಲ್ಲಿ ಮುಚ್ಚಿಟ್ಟದ್ದು. ಅವಳಿಗೆ ಮೊದಲೇ ಗೊತ್ತಿತ್ತು.

“ಸೆರಗು ಹಿಡಿ.”

“ಅದು ನಿನ್ನ ಸಲುವಾಗಿ ತಂದದ್ದು ಬೇ.”

“ಮನಿ ಬಿಟ್ಟು ಹೊಂಟಾಕಿ ನೀನು, ದೊಡ್ಡವ್ವ. ನಾ ಅಲ್ಲ.”

ಸುಜಾತಾ ನನಗೆ ಕುಂಕುಮ ಹಚ್ಚಿದಳು. ರೇಣುಕಾ ಖಣ, ಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಶಿನ ಬೇರು ಒಂದೊಂದಾಗಿ ಹಾಕಿದಳು. ಎಲೆಯಿರಲಿಲ್ಲ. ಅವಳ ಕೈ ಸ್ಥಿರವಾಗಿತ್ತು. ಬ್ರಿಜಿಡ್ ಡ್ರೈವರಿನ ಸೀಟಿನಿಂದ ಎಲ್ಲ ನೋಡುತ್ತಿದ್ದಳು. ಏನು ಅರ್ಥವಾಯಿತೋ, ಇಳಿದು ಬಂದು ತನ್ನ ಚೀಲದಿಂದ ಒಂದು ಚಹಾಪುಡಿ ಪೊಟ್ಟಣ ತೆಗೆದು ಅದೇ ಸೆರಗಿಗೆ ಹಾಕಿದಳು. ರೇಣುಕಾ ಹೊಸಿಲಿನ ಒಳಗೇ ಉಳಿದಳು. ನಿಲ್ದಾಣದಲ್ಲಿ ಇಳಿಯುವಾಗ ನಾನೂ ಎಲ್ಲರಂತೆ ಥ್ಯಾಂಕ್ಸ್ ಹೇಳಿದೆ.

ಮತ್ತೆ ನಮ್ಮೂರು

ಶಿವವ್ವ ಬಸ್ಸಿನ ಬಾಗಿಲಿಗೇ ಬಂದು ನಿಂತಿದ್ದಳು. ನಾನು ಇಳಿದ ಮೇಲೂ ನನ್ನ ಬೆನ್ನ ಹಿಂದೆಯೇ ನೋಡಿದಳು. ಬಸ್ಸು ಹೊರಟಿತು. ಆಗ ಅವಳ ಕಣ್ಣು ನನ್ನ ಸೆರಗಿನ ಗಂಟಿನ ಮೇಲೆ ಬಿತ್ತು.

“ಇದು ನಾ ಕೊಟ್ಟ ಖಣ ಅಲ್ಲ?”

“ಹೌದು.”

“ನಿನಗ ತುಂಬಿ ಕಳಿಸ್ಯಾಳ?”

“ಹೌದು.”

ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಮೈಸೂರಿನ ಡಾಕ್ಟರ್ ಹುಡುಗ ತನ್ನ ವರ್ಷ ಮುಗಿಸಿ ಹೋದ. ಪಾಪ, ಹೋಗುವಾಗ ಎಲ್ಲರಿಗೂ ಕೈ ಮುಗಿದ. ಅವನ ಜಾಗಕ್ಕೆ ವಾರಕ್ಕೆರಡು ಸಲ ಬೇರೆ ಕಡೆಯಿಂದ ಒಬ್ಬರು ಬಂದು ಹೋಗುತ್ತಾರೆ. ಹೆರಿಗೆ ಕೋಣೆಯಲ್ಲಿ ಈಗ ಔಷಧದ ಡಬ್ಬಗಳನ್ನು ಒಟ್ಟಿದ್ದಾರೆ. ನೋವು ಬಂದವರನ್ನು ಗಾಡಿ ಹತ್ತಿಸಿ ದೂರದ ದೊಡ್ಡ ದವಾಖಾನೆಗೆ ಕಳಿಸುವುದು ನನ್ನ ಕೆಲಸ. ನಮ್ಮ ಕಡೆಯ ತಗ್ಗುದಿನ್ನೆಯ ರಸ್ತೆ ನಿಮಗೆ ಗೊತ್ತೇ ಇದೆ.

ಹಡೆಯಲು ಹೊರಟವಳಿಗೆ ಗಾಡಿಯ ಬಾಗಿಲಲ್ಲಿ ಉಡಿ ತುಂಬುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಶಿವವ್ವ ಶುರು ಮಾಡಿದಳು. ಮೊದಲ ಸಲ ಮಧ್ಯಾಹ್ನದ ಹೊತ್ತು, ಚೊಚ್ಚಲ ಬಸುರಿ ಭಾಗ್ಯಶ್ರೀ. ನೋವಿಗೆ ಗಾಡಿಯ ಬಾಗಿಲನ್ನು ಕಚ್ಚಿ ಹಿಡಿದಿದ್ದಳು. ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಶಿವವ್ವ ನನ್ನ ಕಡೆ ತಿರುಗಿ, “ಬಾಯಿ, ಆ ಖಣ ತಾ” ಎಂದಳು.

ಇದು ಮನೆ ಬಿಟ್ಟು ಹೋಗುವವರಿಗೆ ಮಾಡುವುದಲ್ಲವೇ, ಇವಳು ತಿರುಗಿ ಬರಬೇಕಾದವಳಲ್ಲವೇ ಎಂದು ನಾನು ಕೇಳಲಿಲ್ಲ. ಅದು ಗೊತ್ತಿದ್ದೇ ಶಿವವ್ವ ಖಣ ಕೇಳಿದ್ದಳು. ಆಳಂದ, ಜೇವರ್ಗಿ, ನಮ್ಮೂರು, ಎಲ್ಲ ಕಡೆಯಿಂದ ಹೆಣ್ಣುಮಕ್ಕಳು ಹೊರಡುತ್ತಲೇ ಇದ್ದಾರೆ. ಕೆಲವರು ವಿಮಾನದಲ್ಲಿ, ಕೆಲವರು ಈ ಗಾಡಿಯಲ್ಲಿ. ಹಸಿರು ಖಣ ತಂದೆ. ಅರ್ಧ ಲೋಕ ಸುತ್ತಿ ಬಂದ ಕೊಬ್ಬರಿ ಬಟ್ಟಲು ಹಾಕಿದೆ. ಭಾಗ್ಯಶ್ರೀ ನನ್ನ ಮಣಿಕಟ್ಟು ಹಿಡಿದು, “ನೀವೂ ಬರ್ರಿ ಬಾಯಿ,” ಎಂದಳು. ದವಾಖಾನೆಯಲ್ಲಿ ಇನ್ನೊಬ್ಬರಿಲ್ಲ, ಬಿಟ್ಟು ಹೋಗುವಂತಿರಲಿಲ್ಲ.

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿಗೆ ಗಂಟು ಹಾಕಿದೆ. ನಡುಗುವ ಕೈಗೂ ಅಷ್ಟು ಬರುತ್ತದೆ.